ಮನೆಯ ತಾರೀಖುಗಳೆಲ್ಲ ನನ್ನ ತಲೆಯಲ್ಲೇ ಇದ್ದವು

ಹೋದ ನವೆಂಬರ್‌ನ ಒಂದು ಗುರುವಾರ ರಾತ್ರಿ ಹನ್ನೊಂದು ಗಂಟೆಗೆ ಆ ಕಾಗದ ಸಿಕ್ಕಿತು. ಸಂಜೆ ಆರರಿಂದ ಹುಡುಕುತ್ತಿದ್ದೆ. ಬೀರುವಿನಲ್ಲಿ ನೋಡಿದೆ, ಗಾದಿ ಕೆಳಗೆ ನೋಡಿದೆ, ಫ್ರಿಜ್ ಮೇಲಿನ ಡಬ್ಬಿಯಲ್ಲಿ ನೋಡಿದೆ, ಮಂಚದ ಕೆಳಗಿನ ಟ್ರಂಕ್ ಎಳೆದೆ. ಕೊನೆಗೆ ಯಜಮಾನರ ಹಳೇ ಬ್ಯಾಗಿನಲ್ಲಿ, ಬೈಕ್ ಸರ್ವಿಸ್ ಬಿಲ್ಲಿನ ಜೊತೆ ಮಡಚಿಕೊಂಡು ಕೂತಿತ್ತು. ಅತ್ತೆಯವರ ಆರೋಗ್ಯ ವಿಮೆಯ ಪಾಲಿಸಿ. ಬಿಚ್ಚಿ ನೋಡಿದರೆ ಅವಧಿ ಮುಗಿದು 46 ದಿನ ಆಗಿತ್ತು.

ಸೋಮವಾರ ಅತ್ತೆಯವರ ಬಲಗಣ್ಣಿನ ಪೊರೆ ಆಪರೇಷನ್ ಇತ್ತು. ಆ ರಾತ್ರಿ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಆವತ್ತಿನಿಂದ ಏಪ್ರಿಲ್ ಕೊನೆಯವರೆಗೆ ನಮ್ಮ ಮನೆಯ ಕಾಗದ, ನನ್ನ ಕೆಲಸದ ಹೊತ್ತು, ಎಲ್ಲರ ತಾರೀಖು ಇವನ್ನೆಲ್ಲ ಒಂದು ಹದಕ್ಕೆ ತರಲು ಓಡಾಡಿದೆ. ಸುಮಾರು ಆರು ತಿಂಗಳು. ಎಲ್ಲಿ ಎಡವಿದೆ, ಎಷ್ಟು ಖರ್ಚಾಯಿತು, ಯಾವುದು ಉಪಯೋಗಕ್ಕೆ ಬರಲಿಲ್ಲ ಎಂಬುದನ್ನೆಲ್ಲ ಬರೆಯುತ್ತಿದ್ದೇನೆ. ಮನೆಯನ್ನೂ ಕೆಲಸವನ್ನೂ ಒಟ್ಟಿಗೆ ನೋಡಿಕೊಳ್ಳುವ ಯಾರಿಗಾದರೂ ಒಂದಷ್ಟು ತಿರುಗಾಟ ಉಳಿದರೆ ಸಾಕು.

ಮೊದಲು ವಿಮೆಯ ವಿಷಯ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ಕಟ್ಟುವ ಆರೋಗ್ಯ ಪಾಲಿಸಿಗೆ ಅವಧಿ ಮುಗಿದ ಮೇಲೂ 30 ದಿನ ಕಾಲಾವಕಾಶ ಇರುತ್ತದೆ. ಅಷ್ಟರೊಳಗೆ ಕಟ್ಟಿದರೆ ಹಿಂದಿನ ವರ್ಷಗಳ ಲೆಕ್ಕ ಹಾಗೇ ಮುಂದುವರಿಯುತ್ತದೆ. ದಾಟಿದರೆ ಹೊಸ ಪಾಲಿಸಿ ಮಾಡಿಸಬೇಕು, ಕಾಯುವ ಅವಧಿ, ಅಂದರೆ ಕೆಲವು ಕಾಯಿಲೆಗೆ ವಿಮೆಯ ದುಡ್ಡು ಸಿಗದ ಅವಧಿ, ಮತ್ತೆ ಮೊದಲಿಂದ ಶುರು. ಕಣ್ಣಿನ ಪೊರೆಯಂಥ ಕೆಲವು ಕಾಯಿಲೆಗಳಿಗೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ನಾವು ನಾಲ್ಕು ವರ್ಷ ತಪ್ಪದೆ ಕಟ್ಟಿದ್ದೆವು, 16 ದಿನಕ್ಕೆ ಎಲ್ಲ ಹೋಯಿತು. ಕಂಪನಿಯವರು ನೆನಪಿನ ಮೆಸೇಜ್ ಕಳಿಸಿದ್ದರಂತೆ. ಪಾಲಿಸಿಯಲ್ಲಿ ಇದ್ದದ್ದು ಯಜಮಾನರ ಹಳೇ ನಂಬರು. ಆ ಸಿಮ್ ಬಿಟ್ಟು ಒಂದೂವರೆ ವರ್ಷ ಆಗಿತ್ತು.

ಆಪರೇಷನ್‌ಗೆ, ಔಷಧಿಗೆ, ಕನ್ನಡಕಕ್ಕೆ ಸೇರಿ 31,400 ರೂಪಾಯಿ ಕೈಯಿಂದ ಕೊಟ್ಟೆವು. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಪೊರೆ ಆಪರೇಷನ್ ಉಚಿತವಾಗಿ ಮಾಡುತ್ತಾರೆ ಎಂಬುದು ನಮಗೆ ಆಮೇಲೆ ಹೊಳೆಯಿತು. ಗಾಬರಿಯಲ್ಲಿ ಅದನ್ನೂ ವಿಚಾರಿಸಲಿಲ್ಲ. ಅತ್ತೆ ಮಾತ್ರ, "ಹೋಗ್ಲಿ ಬಿಡವ್ವ, ಕಣ್ಣು ಬಂತಲ್ಲ. ನಿಂಗೂ ಎಷ್ಟು ಅಂತ ನೆನಪಿರ್ತಾವು" ಎಂದರು. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಾಗಂದದ್ದೇ ನನ್ನನ್ನು ಚುಚ್ಚಿತು. ನಿಜಕ್ಕೂ ಎಷ್ಟು ಅಂತ ನೆನಪಿಟ್ಟುಕೊಳ್ಳಲಿ?

ನಮ್ಮ ಮನೆ ಇರುವುದು ದಾವಣಗೆರೆಯ ನಿಟುವಳ್ಳಿಯಲ್ಲಿ. ನಾನು ಮಂಡಿಪೇಟೆ ಕಡೆ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಾಳುಕಡಿ, ಬೆಲ್ಲ, ಎಣ್ಣೆ ವ್ಯಾಪಾರ. ಯಜಮಾನರು ಔಷಧಿ ಕಂಪನಿಯಲ್ಲಿ ರೆಪ್. ವಾರದಲ್ಲಿ ನಾಲ್ಕು ದಿನ ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಅಂತ ಸುತ್ತುತ್ತಾರೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಬರೆದಳು. ಮಗ ಆರನೇ ಕ್ಲಾಸು. ಗ್ಯಾಸ್ ಯಾವತ್ತು ಬುಕ್ ಮಾಡಬೇಕು, ಮಗನ ಯೂನಿಫಾರ್ಮ್ ಯಾವಾಗ ಹೊಲಿಯಲು ಕೊಡಬೇಕು, ಅತ್ತೆಯ ಬಿಪಿ ಮಾತ್ರೆ ಯಾವಾಗ ಮುಗಿಯುತ್ತದೆ, ಬೈಕಿನ ಹೊಗೆ ತಪಾಸಣೆ ಯಾವಾಗ, ಎಲ್ಲ ನನ್ನ ತಲೆಯಲ್ಲೇ ಇತ್ತು. ಇನ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಸಹಾಯ ಮಾಡುವುದಾದರೂ ಹೇಗೆ?

ಆಪರೇಷನ್ ಆದ ಮೇಲೆ ಮೊದಲು ಮಾಡಿದ ಕೆಲಸ, ಒಂದು ಹಳೇ ಡೈರಿ ತೆಗೆದುಕೊಂಡು ಏಳು ದಿನ ಅರ್ಧರ್ಧ ಗಂಟೆಗೆ ಏನು ಮಾಡಿದೆ ಅಂತ ಬರೆದದ್ದು. ಬದಲಾಯಿಸಲು ಹೋಗಲಿಲ್ಲ. ಸುಮ್ನೆ ಬರೆದೆ. ಮೂರನೇ ದಿನ ಬೇಜಾರಾಗಿ ಬಿಡಬೇಕೆನಿಸಿತು, ಬಿಡಲಿಲ್ಲ. ವಾರದ ಕೊನೆಗೆ ಕೂಡಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಏನಾದರೊಂದು ಹುಡುಕುವುದಕ್ಕೆ ವಾರಕ್ಕೆ ಆರೂವರೆ ಗಂಟೆ ಹೋಗಿತ್ತು. ಬೀಗದ ಕೈ, ಬಿಲ್ಲು, ಮಗನ ಐಡಿ ಕಾರ್ಡು, ಫೋನಿನಲ್ಲಿ ಯಾರೋ ಕಳಿಸಿದ ಫೋಟೋ, ಚಾರ್ಜರ್. ಒಂದೇ ಕೆಲಸಕ್ಕೆ ಎರಡು ಸಲ ಹೋಗಿ ಬಂದದ್ದು ನಾಲ್ಕು ಗಂಟೆ. ನಮ್ಮ ಊರನ್ನು ರೈಲ್ವೆ ಹಳಿ ಎರಡು ಪಾಲು ಮಾಡಿದೆ. ಸಂಜೆ ಹೊತ್ತು ಹಳಿ ದಾಟುವ ಕಡೆ ಸಿಕ್ಕಿಹಾಕಿಕೊಂಡರೆ ಒಂದು ಜೆರಾಕ್ಸ್ ಮರೆತದ್ದಕ್ಕೆ ಮುಕ್ಕಾಲು ಗಂಟೆ ಹೋಗುತ್ತದೆ.

ನನಗೆ ಕೆಲಸ ಜಾಸ್ತಿ, ಹೊತ್ತು ಸಾಲುವುದಿಲ್ಲ ಅಂತ ಹತ್ತು ವರ್ಷದಿಂದ ಅಂದುಕೊಂಡಿದ್ದೆ. ಡೈರಿ ನೋಡಿದರೆ ಬೇರೆಯದೇ ಕಂಡಿತು. ಕೆಲಸಕ್ಕಿಂತ ಹುಡುಕಾಟ, ನೆನಪು ಮಾಡಿಕೊಳ್ಳುವುದು, ಮರೆತದ್ದನ್ನು ಸರಿಪಡಿಸುವುದು ಇವೇ ನನ್ನನ್ನು ತಿನ್ನುತ್ತಿದ್ದವು. ಈ ಏಳು ದಿನದ ಬರವಣಿಗೆಯನ್ನು ದಯವಿಟ್ಟು ಬಿಡಬೇಡಿ. ಇದನ್ನು ಮಾಡದೆ ಟೈಮ್‌ಟೇಬಲ್ ಹಾಕಿದರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವುದೇ ಇಲ್ಲ.

ಡಿಸೆಂಬರ್‌ನ ಮೊದಲ ಭಾನುವಾರ ಮನೆಯ ಕಾಗದವನ್ನೆಲ್ಲ ಹಾಲ್‌ನಲ್ಲಿ ಸುರಿದೆವು. ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ಭಾನುವಾರ ಹಿಡಿಯಿತು. ಚಾಪೆ ಹಾಸಿ ಐದು ಗುಂಪು ಮಾಡಿದೆವು. ಮನೆ ಮತ್ತು ಜಾಗದ್ದು, ಬ್ಯಾಂಕು ಮತ್ತು ವಿಮೆ, ಗಾಡಿ, ಸ್ಕೂಲು, ಆಸ್ಪತ್ರೆ. 2009ರ ಕರೆಂಟ್ ಬಿಲ್ಲಿತ್ತು. ಯಾರದೋ ಮದುವೆ ಕರೆಯೋಲೆ ಇತ್ತು. ಮುಗಿದುಹೋದ ಮೂರು ವಾರಂಟಿ ಕಾರ್ಡು. ಮಾವನವರ ಮರಣ ಪ್ರಮಾಣಪತ್ರದ ಒಂದೇ ಒಂದು ಪ್ರತಿ, ಅದೂ ಮಡಿಕೆಯಲ್ಲಿ ಹರಿದಿತ್ತು. ಮನೆ ತೆರಿಗೆಯ ಎರಡು ವರ್ಷದ ರಸೀದಿ ಇರಲೇ ಇಲ್ಲ.

ಟ್ರಂಕಿನ ತಳದಲ್ಲಿ, ಹಳೇ ಸೀರೆಯ ಕೆಳಗೆ, ಸುರುಳಿ ಸುತ್ತಿದ ಒಂದು ಗೋಡೆ ಕ್ಯಾಲೆಂಡರ್ ಸಿಕ್ಕಿತು. 1989ರದು. ಮಾವನವರು ಆಗ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದವು. ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಅವರ ಸಣ್ಣ ಅಕ್ಷರ. "ಹಾಲು 1½". "ರಾತ್ರಿ ಪಾಳಿ". "ಸೀಮೆಎಣ್ಣೆ". "ತಂಗಿ ಬರುತ್ತಾಳೆ". "ಮಗುಗೆ ಸೂಜಿ". ಆ ಮಗು ನನ್ನ ಯಜಮಾನರು. ಅವರು ಆ ಚೌಕದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಅತ್ತೆ ಆಪರೇಷನ್ ಆದ ಕಣ್ಣಿನಿಂದ ಓದಲು ನೋಡಿದರು. "ಆಗ ಮಿಲ್ಲಿನ ಕೂಗಿಗೆ ಓಣಿ ಓಣಿನೇ ಏಳ್ತಿತ್ತು. ನಮ್ಮನಿಯಾಗ ಗಡಿಯಾರ ಇರ್ಲಿಲ್ಲ. ಇವ್ರು ಬರ್ದಿಟ್ಟು ಹೋಗೋರು, ನಾನು ನೋಡಿ ಮಾಡ್ತಿದ್ದೆ" ಎಂದರು. ಆ ಮಾತನ್ನು ನಾನು ಅವತ್ತು ಪೂರ್ತಿ ಹಿಡಿಯಲಿಲ್ಲ. ಎರಡು ತಿಂಗಳು ಬೇಕಾಯಿತು.

ಮೂರನೇ ಭಾನುವಾರ ಎಲ್ಲ ಮುಗಿದು, ಮೂರು ಚೀಲ ರದ್ದಿ ಹೊರಗೆ ಹೋದ ಮೇಲೆ ಎಲ್ಲರೂ ಹೋಗಿ ಬೆಣ್ಣೆ ದೋಸೆ ತಿಂದು ಬಂದೆವು. ಮನೆಗೆ ಬಂದಾಗ ಹಾಲ್‌ನ ನೆಲ ಕಾಣುತ್ತಿತ್ತು. ಅದನ್ನು ನೋಡಿದಾಗ ಆದ ಸಮಾಧಾನ ಹೇಳಲಾರೆ.

ಈಗ ಕಾಗದಗಳು ಐದು ಬಣ್ಣದ ಫೈಲಿನಲ್ಲಿವೆ. ಒಂದೊಂದು ಕಾಗದಕ್ಕೂ ಪ್ಲಾಸ್ಟಿಕ್ ಕವರ್. ಫೈಲಿನ ಮೊದಲ ಹಾಳೆಯಲ್ಲಿ ಒಳಗೆ ಏನೇನಿದೆ ಅಂತ ಮಗಳು ದುಂಡಗೆ ಬರೆದಿದ್ದಾಳೆ. ಒಂದು ನಿಯಮ ಮಾಡಿಕೊಂಡಿದ್ದೇವೆ. ಅಸಲು ಕಾಗದ ತೆಗೆದವರು ಆ ಜಾಗದಲ್ಲಿ ಚೀಟಿ ಇಡಬೇಕು: ಯಾರು, ಯಾವತ್ತು, ಯಾಕೆ. ಲೈಬ್ರರಿಯಲ್ಲಿ ಮಾಡುವ ಹಾಗೆ. ಮರಣ ಪ್ರಮಾಣಪತ್ರ, ಜನನ ಪ್ರಮಾಣಪತ್ರದ ಪ್ರತಿಗಳನ್ನು ಮೂರು ಮೂರು ತೆಗೆಸಿ ಇಟ್ಟಿದ್ದೇವೆ. ಗಾಡಿಯ ಆರ್‌ಸಿ, ಲೈಸೆನ್ಸ್ ಡಿಜಿಲಾಕರ್‌ನಲ್ಲಿವೆ. ಪೊಲೀಸರು ಕೇಳಿದರೆ ಅದರಲ್ಲೇ ತೋರಿಸಿದರೆ ನಡೆಯುತ್ತದೆ, ಜೆರಾಕ್ಸ್ ಹೊತ್ತು ತಿರುಗಬೇಕಿಲ್ಲ.

ಕಾಗದ ಜೋಡಿಸಿದ ಮೇಲೆಯೇ ದೊಡ್ಡ ತೊಡಕು ಕಂಡಿದ್ದು. ಅತ್ತೆಯವರ ಹೆಸರು ಆಧಾರ್‌ನಲ್ಲಿ "ಅವ್ವ" ಅಂತ ಮುಗಿಯುತ್ತದೆ, ವೋಟರ್ ಕಾರ್ಡ್ ಮತ್ತು ಪ್ಯಾನ್‌ನಲ್ಲಿ "ಅಮ್ಮ" ಅಂತ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಶಿಯಲ್ ಬೇರೆ. ಪಾಸ್‌ಬುಕ್‌ಗೆ ಸೇರಿದ್ದು ತೀರಿಕೊಂಡ ಮಾವನವರ ಫೋನ್ ನಂಬರು. ಎಲ್ಲ ಒಟ್ಟಿಗೆ ಹರಡಿದಾಗಲೇ ಇದು ಕಾಣುವುದು. ಬೇರೆ ಬೇರೆ ಜಾಗದಲ್ಲಿ ಇದ್ದಾಗ ಯಾರೂ ಗಮನಿಸಿರಲಿಲ್ಲ.

ನಾನು ಮೊದಲು ಬ್ಯಾಂಕಿಗೆ ಹೋದೆ. ಅದೇ ತಪ್ಪಾಯಿತು. ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೋದರೆ ಅವತ್ತು ಸರ್ವರ್ ಇಲ್ಲ. ಎರಡನೇ ಸಲ ಹೋದರೆ, "ಆಧಾರ್‌ನಲ್ಲಿ ಹೆಸರು ಬೇರೆ ಇದೆಯಲ್ಲ, ಮೊದಲು ಅದನ್ನು ಸರಿ ಮಾಡಿಸಿ" ಎಂದರು. ಆಧಾರ್ ಕೇಂದ್ರಕ್ಕೆ ಬೆಳಿಗ್ಗೆ ಎಂಟಕ್ಕೆ ಹೋಗಿ ಟೋಕನ್ ತಗೊಂಡು ಹನ್ನೆರಡೂವರೆಗೆ ನಮ್ಮ ಸರದಿ ಬಂತು. ಅತ್ತೆಯ ಬೆರಳು ಸವೆದಿವೆ. ಅರವತ್ತೆಂಟು ವರ್ಷ ರೊಟ್ಟಿ ಬಡಿದ, ಪಾತ್ರೆ ತಿಕ್ಕಿದ ಕೈ. ಮಷೀನು ಹಿಡಿಯಲೇ ಇಲ್ಲ. ನಾಲ್ಕು ಸಲ ಒರೆಸಿ ಒರೆಸಿ ಇಟ್ಟರು. ಅವರ ಮುಖ ಸಪ್ಪಗಾಯಿತು. "ನನ್ ಕೈಯಾಗ ಗೆರೀನೇ ಉಳಿದಿಲ್ಲೇನವ್ವ?" ಅಂತ ಕೇಳಿದರು. ಕಣ್ಣಿನ ಸ್ಕ್ಯಾನ್ ಮಾಡೋಣವೆಂದರೆ ಆಪರೇಷನ್ ಆಗಿ ಇನ್ನೂ ಹನಿ ಹಾಕುತ್ತಿದ್ದೆವು. ಆ ದಿನ ವಾಪಸ್ ಬಂದೆವು. ಜನವರಿಯಲ್ಲಿ, ಹನಿ ಹಾಕುವುದು ನಿಂತ ಮೇಲೆ ಮತ್ತೆ ಹೋದಾಗ ಆಯಿತು.

ಹಾಗಾಗಿ ಹೆಸರು ಬೇರೆ ಬೇರೆ ಇದ್ದರೆ ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಪ್ಯಾನ್ ನೋಡಿ, ಬ್ಯಾಂಕು ಕೊನೆಗೆ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ ಮಾತ್ರ ಬದಲಿಸಲು ಆಗುತ್ತದೆ, ಹುಟ್ಟಿದ ತಾರೀಖನ್ನು ಒಂದೇ ಸಲ. ಅದಕ್ಕೆ ಕಾಗುಣಿತ ಬರೆದುಕೊಂಡು ಹೋಗಿ, ಪರದೆ ಮೇಲೆ ಓದಿ ನೋಡಿಯೇ ಒಪ್ಪಿಗೆ ಕೊಡಿ. ಹಾಗೇ ಮಕ್ಕಳಿಗೆ 15 ವರ್ಷ ತುಂಬಿದ ಮೇಲೆ ಬೆರಳು ಮತ್ತು ಕಣ್ಣಿನ ಗುರುತು ಹೊಸದಾಗಿ ಕೊಡಬೇಕು, ಆ ವಯಸ್ಸಿನಲ್ಲಿ ಅದು ಉಚಿತ. ಅತ್ತೆಯ ಜೊತೆಗೇ ಮಗಳದ್ದೂ ಅದೇ ಟೋಕನ್ ಸಾಲಿನಲ್ಲಿ ಮುಗಿಸಿದೆ. ಒಂದು ರಜೆ ಉಳಿಯಿತು.

ಇಷ್ಟರ ನಡುವೆ ಅಂಗಡಿ ಕೆಲಸ ನಿಲ್ಲುವುದಿಲ್ಲವಲ್ಲ. ಡಿಸೆಂಬರ್‌ನಲ್ಲಿ 3ಬಿ ರಿಟರ್ನ್, ಅಂದರೆ ಜಿಎಸ್‌ಟಿಯ ತಿಂಗಳ ಲೆಕ್ಕ ಕೊಟ್ಟು ತೆರಿಗೆ ಕಟ್ಟುವುದು, ಎರಡು ದಿನ ತಡವಾಯಿತು. ದಿನಕ್ಕೆ 50ರಂತೆ 100 ರೂಪಾಯಿ ದಂಡ, ಮೇಲೆ ಬಡ್ಡಿ. ದುಡ್ಡು ಸಣ್ಣದು. ಆದರೆ ಹದಿಮೂರು ವರ್ಷದ ಕೆಲಸದಲ್ಲಿ ನನ್ನ ಕೈಯಲ್ಲಿ ತಡವಾದದ್ದು ಅದೇ ಮೊದಲು. ಸಾವ್ಕಾರ್ರು ಏನೂ ಅನ್ನಲಿಲ್ಲ, ಚಲನ್ ನೋಡಿ ಕನ್ನಡಕ ತೆಗೆದಿಟ್ಟರು ಅಷ್ಟೇ.

ಲೆಕ್ಕದ ಕೆಲಸದವರಿಗೆ ತಿಂಗಳು ಹೇಗೆ ಓಡುತ್ತದೆ ಗೊತ್ತೇ ಇದೆ. 7ಕ್ಕೆ ಟಿಡಿಎಸ್, 11ಕ್ಕೆ ಆರ್-1 (ನಮ್ಮ ಮಾರಾಟದ ಪಟ್ಟಿ), 14ಕ್ಕೆ 2ಬಿ (ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಬರುತ್ತದೆ, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ. ನಾನು ಪ್ರತಿಯೊಂದನ್ನೂ ಕೊನೆಯ ದಿನವೇ ಮಾಡುತ್ತಿದ್ದೆ. ಡೈರಿ ಬರೆದಾಗ ಯಾಕೆ ಅಂತ ಗೊತ್ತಾಯಿತು. ಖರೀದಿ ಬಿಲ್ಲುಗಳು ನನ್ನ ಕೈಗೆ ಬರುವುದೇ ತಡ. ಕೆಲವು ಲಾರಿ ಡ್ರೈವರ್ ಜೇಬಿನಲ್ಲಿ, ಕೆಲವು ಗೋಡೌನಿನ ಮೊಳೆಗೆ, ಕೆಲವು ಸಾವ್ಕಾರ್ರ ಫೋನಿನಲ್ಲಿ. 2ಬಿ ಜೊತೆ ತಾಳೆ ನೋಡಲು ಕೂತಾಗ ಬಿಲ್ಲು ಹುಡುಕುವುದರಲ್ಲೇ ಎರಡು ದಿನ ಹೋಗುತ್ತಿತ್ತು. ಮನೆಯ ರೋಗವೇ ಅಂಗಡಿಯಲ್ಲೂ ಇತ್ತು.

ಒಂದು ಮೊರ ತಂದು ನನ್ನ ಟೇಬಲ್ ಪಕ್ಕ ಇಟ್ಟೆ. ಬಿಲ್ಲು ಯಾರ ಕೈಗೆ ಬಂದರೂ ಮೊರಕ್ಕೆ ಹಾಕಬೇಕು. ಸಂಜೆ ಬಾಗಿಲು ಹಾಕುವ ಮುಂಚೆ ಮೊರ ಖಾಲಿಯಾಗಬೇಕು, ಕಿರ್ದಿಗೆ ಏರಬೇಕು. ಹಮಾಲರಿಗೆ, ಗೋಡೌನ್ ಹುಡುಗನಿಗೆ ಇದು ಒಂದೇ ವಾರದಲ್ಲಿ ರೂಢಿಯಾಯಿತು. ಮೊರ ಕಣ್ಣಿಗೆ ಕಾಣುತ್ತದೆ, ಅದಕ್ಕೆ. ಸಾವ್ಕಾರ್ರ ಫೋನಿಗೆ ಬರುವ ಬಿಲ್ಲು ಮಾತ್ರ ಇವತ್ತಿಗೂ ನಾನೇ ಕೇಳಿ ತೆಗೆದುಕೊಳ್ಳಬೇಕು.

ಅವರ ಹತ್ತಿರ ಇನ್ನೊಂದು ಮಾತು ಕೇಳಲು ನನಗೆ ಹದಿನೈದು ದಿನ ಧೈರ್ಯ ಬೇಕಾಯಿತು. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ ನನ್ನನ್ನು ಯಾರೂ ಕರೆಯಬಾರದು, ಪಾರ್ಟಿಗಳ ಪೇಮೆಂಟ್ ಸಂಜೆ ನಾಲ್ಕರ ಮೇಲೆ. "ವ್ಯಾಪಾರ ಅಂದ್ರೆ ಬಂದೋರನ್ನ ಕಾಯ್ಸಾಕಾಗುತ್ತೇನಮ್ಮ?" ಎಂದರು. ಅವರ ಮಾತಲ್ಲೂ ಅರ್ಥ ಇದೆ. ಮಂಡಿಯಲ್ಲಿ ಕಾಯಿಸಿದ ಪಾರ್ಟಿ ಪಕ್ಕದ ಅಂಗಡಿಗೆ ಹೋಗುತ್ತದೆ. ಕೊನೆಗೆ ತಿಂಗಳಿಗೆ ಎಂಟು ದಿನ ಮಾತ್ರ ಅಂತ ಒಪ್ಪಿದರು. 5, 6, 9, 10, 16ರಿಂದ 19. ಆ ದಿನಗಳಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ ನನ್ನದು. ನಾನು ಕೇಳಿದ್ದಕ್ಕಿಂತ ಅವರು ಹೇಳಿದ್ದೇ ಸರಿಯಾಗಿತ್ತು, ಈಗ ಹಾಗನ್ನಿಸುತ್ತದೆ. ಫೆಬ್ರುವರಿಯಿಂದ 3ಬಿ 18ಕ್ಕೇ ಮುಗಿಯುತ್ತಿದೆ. 20ರ ಸಂಜೆ ಪೋರ್ಟಲ್ ತಿರುಗುವುದನ್ನು ನೋಡುತ್ತಾ ಕೂರುವುದು ತಪ್ಪಿದೆ. ಇನ್ನೊಂದು, ಜಿಎಸ್‌ಟಿ ಲೆಕ್ಕದ ಕಾಗದಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಲೇಬೇಕು. ಮನೆಯಲ್ಲಿ ರದ್ದಿಗೆ ಹಾಕಿದ ಹುರುಪಿನಲ್ಲಿ ಅಂಗಡಿಯ ಕಾಗದ ಬಿಸಾಡಬೇಡಿ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಪದ್ಧತಿಯನ್ನೂ ಹಿಡಿದು ನೋಡಿದೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬುವವರು ಓದುವ ದಿನಗಳಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಪೊಮೊಡೊರೊ ಅಂದರೆ ಅವರ ಭಾಷೆಯಲ್ಲಿ ಟೊಮೆಟೊ. ಅಂಗಡಿಯಲ್ಲಿ ಅದು ಒಂದು ದಿನವೂ ನಡೆಯಲಿಲ್ಲ. ಏಳನೇ ನಿಮಿಷಕ್ಕೆ ಯಾರಾದರೂ ಬಂದೇ ಬರುತ್ತಾರೆ. ನಾಲ್ಕು ಸಲ ಮುರಿದ ಮೇಲೆ ಸಿಟ್ಟು ಬಂದು ಬಿಟ್ಟೆ. ಆದರೆ ಮಗಳಿಗೆ ಅದೇ ಸರಿಹೋಯಿತು. ಪರೀಕ್ಷೆಗೆ ಎರಡು ತಿಂಗಳಿದ್ದಾಗ ಅವಳು ಗಣಿತ ಅಂದರೆ ಪುಸ್ತಕ ಮುಂದಿಟ್ಟುಕೊಂಡು ಅಳುತ್ತಿದ್ದಳು. "25 ನಿಮಿಷ ಅಷ್ಟೇ ಅಲ್ವಾ ಅಮ್ಮ" ಅಂತ ಕೂರಲು ಶುರು ಮಾಡಿದಳು. ದಿನಕ್ಕೆ ಆರು ಸುತ್ತು. ಫೋನು ನನ್ನ ಹತ್ತಿರ. ಕೊನೆ ಕೊನೆಗೆ ಬಿಡುವಿನ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಓದುವ ಮಕ್ಕಳಿಗೆ, ಒಬ್ಬರೇ ಕೂತು ಮಾಡುವ ಕೆಲಸಕ್ಕೆ ಇದು ಒಳ್ಳೆಯದು. ನಾಲ್ಕು ಜನ ಬಂದುಹೋಗುವ ಜಾಗಕ್ಕಲ್ಲ.

ಮನೆಯ ತಾರೀಖುಗಳಿಗೆ ಜನವರಿಯಲ್ಲಿ ಫೋನಿಗೆ ಒಂದು ಆ್ಯಪ್ ಹಾಕಿಕೊಂಡಿದ್ದೆ. ಎಲ್ಲ ತುಂಬಿದೆ. ದಿನಕ್ಕೆ ಹದಿನಾರು, ಇಪ್ಪತ್ತು ಸಲ ಟಣ್ ಎನ್ನುತ್ತಿತ್ತು. ಮೂರನೇ ವಾರಕ್ಕೆ ನೋಡದೆಯೇ ಸರಿಸುತ್ತಿದ್ದೆ. ಗ್ಯಾಸ್ ಬುಕ್ ಮಾಡುವುದು ಹಾಗೇ ತಪ್ಪಿತು. ಎರಡು ದಿನ ಕರೆಂಟ್ ಒಲೆಯಲ್ಲಿ ಅಡುಗೆ. ಆ ಸಂಜೆ ಯಜಮಾನರ ಮೇಲೆ ಕೂಗಾಡಿದೆ. "ಇಷ್ಟು ವರ್ಷದಲ್ಲಿ ಒಂದು ಸಿಲಿಂಡರ್ ತಾರೀಖು ನಿಮಗೆ ಗೊತ್ತಿದೆಯಾ?" ಅಂದೆ. ಅವರು ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ಗೊತ್ತಾಗೋ ಹಾಗೆ ಎಲ್ಲಿದೆ ಹೇಳು, ನಾನು ಎಲ್ಲಿ ನೋಡಲಿ?" ಎಂದರು.

ಉತ್ತರ ನನ್ನ ಹತ್ತಿರ ಇರಲಿಲ್ಲ. ತಲೆಯಿಂದ ತೆಗೆದು ನನ್ನ ಫೋನಿಗೆ ಹಾಕಿದ್ದೆ. ಬೇರೆಯವರಿಗೆ ಎರಡೂ ಒಂದೇ. ಆಗ ಮಾವನವರ ಕ್ಯಾಲೆಂಡರ್ ನೆನಪಾಯಿತು. ಇವ್ರು ಬರ್ದಿಟ್ಟು ಹೋಗೋರು, ನಾನು ನೋಡಿ ಮಾಡ್ತಿದ್ದೆ.

ಮಾರನೇ ದಿನ ದೊಡ್ಡ ಚೌಕಗಳಿರುವ ಗೋಡೆ ಕ್ಯಾಲೆಂಡರ್ ತಂದೆ. ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ, ಎಲ್ಲರೂ ದಿನಕ್ಕೆ ಇಪ್ಪತ್ತು ಸಲ ಓಡಾಡುವ ಜಾಗ. ದಾರಕ್ಕೆ ಕಟ್ಟಿದ ನಾಲ್ಕು ಪೆನ್ನು. ದುಡ್ಡು ಕಟ್ಟುವುದು ಕೆಂಪು. ಸ್ಕೂಲು ಹಸಿರು, ನೀರು ನೀಲಿ. ಯಜಮಾನರ ಟೂರು ಕಪ್ಪು. ಪ್ರತಿ ಕೆಲಸದ ಮುಂದೆ ಒಂದು ಹೆಸರು ಇರಲೇಬೇಕು. ಹೆಸರಿಲ್ಲದ ಕೆಲಸ ತಿರುಗಿ ನನ್ನ ಮೇಲೇ ಬೀಳುತ್ತದೆ, ಇದನ್ನು ಮೊದಲ ವಾರದಲ್ಲೇ ಕಂಡೆ. ವಿಮೆ, ತೆರಿಗೆಯಂಥ ದೊಡ್ಡ ತಾರೀಖನ್ನು ಎರಡು ಕಡೆ ಬರೆಯುತ್ತೇವೆ. ಒಂದು ಆ ದಿನ, ಇನ್ನೊಂದು 20 ದಿನ ಮುಂಚೆ. ವರ್ಷ ಮುಗಿದಾಗ ಮುಂದಿನ ವರ್ಷದ ಕ್ಯಾಲೆಂಡರಿಗೆ ಕೆಂಪು ಗುರುತುಗಳನ್ನು ಇಳಿಸಿದ ಮೇಲೆಯೇ ಹಳೆಯದನ್ನು ತೆಗೆಯಬೇಕು.

ನೀರಿನ ವಿಷಯ ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ನೀರು ನಮ್ಮ ಓಣಿಗೆ ದಿನಾ ಬರುವುದಿಲ್ಲ. ಬರುವ ದಿನ ಗೊತ್ತಿದ್ದರೂ ಹೊತ್ತು ಗೊತ್ತಿರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬಂದರೆ ನನ್ನ ಇಡೀ ದಿನ ತೂಕಡಿಕೆ. ಯಾವ ಟೈಮ್‌ಟೇಬಲ್ ಹಾಕಿದರೂ ನೀರು ಬಂದ ದಿನ ಮುರಿದು ಬೀಳುತ್ತಿತ್ತು. ಕೊನೆಗೆ ನೀರಿನ ದಿನವನ್ನೇ ಮೊದಲು ಬರೆದು, ಉಳಿದದ್ದನ್ನು ಅದರ ಸುತ್ತ ಹಾಕಿದೆವು. ಆ ದಿನ ಬೆಳಿಗ್ಗೆ ಉಪ್ಪಿಟ್ಟು ಇಲ್ಲವೇ ಮಂಡಕ್ಕಿ ಒಗ್ಗರಣೆ, ರೊಟ್ಟಿ ಇಲ್ಲ. ಆ ದಿನ ಯಾವ ಆಫೀಸ್ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಮೋಟರ್ ಹಾಕುವುದು ಮಗ ಮತ್ತು ಯಜಮಾನರು, ಸರದಿ ಮೇಲೆ.

ಒಂದೇ ಸಲಕ್ಕೆ ಎಲ್ಲ ನೆಟ್ಟಗಾಯಿತು ಅಂತ ಅಂದುಕೊಳ್ಳಬೇಡಿ. ಮೊದಲ ಹದಿನೈದು ದಿನ ಮಕ್ಕಳು ಕ್ಯಾಲೆಂಡರ್ ಕಡೆ ತಿರುಗಿಯೂ ನೋಡಲಿಲ್ಲ. ಯಜಮಾನರು ಎರಡು ಸಲ ಮರೆತರು. ನನಗೇ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡು ಇರುವುದು. ನೆನಪಿಸಿದರೆ ಮತ್ತೆ ನನ್ನ ತಲೆಗೇ ಬರುತ್ತದೆ ಅಂತ ಗೊತ್ತಿದ್ದರೂ ಮಾತು ನಾಲಿಗೆ ತುದಿಗೆ ಬರುತ್ತಿತ್ತು. ಒಂದು ದಿನ ಮಗನ ಪ್ರಾಜೆಕ್ಟ್‌ಗೆ ಚಾರ್ಟ್ ತರುವುದು ಅವನ ಹೆಸರಲ್ಲಿತ್ತು. ತರಲಿಲ್ಲ. ಕ್ಲಾಸಿನಲ್ಲಿ ಬೈಸಿಕೊಂಡು ಬಂದ. ನನ್ನ ಹೊಟ್ಟೆ ಉರಿಯಿತು. ಆದರೆ ಆವತ್ತಿನ ಸಂಜೆಯಿಂದ ಅವನು ಸ್ಕೂಲಿನಿಂದ ಬಂದವನೇ ಬ್ಯಾಗ್ ಇಟ್ಟು ಕ್ಯಾಲೆಂಡರ್ ಮುಂದೆ ನಿಲ್ಲುತ್ತಾನೆ. ಅತ್ತೆ ಕುರ್ಚಿಯಲ್ಲಿ ಕೂತು ಬೆಳಿಗ್ಗೆ ಆವತ್ತಿನ ಚೌಕವನ್ನು ಗಟ್ಟಿಯಾಗಿ ಓದುತ್ತಾರೆ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಫೈಲುಗಳು 5, ಕವರ್‌ಗಳು, ಕ್ಯಾಲೆಂಡರ್, ಪೆನ್ನು, ಮೊರ ಸೇರಿ 1,120 ರೂಪಾಯಿ. ಜೆರಾಕ್ಸ್ 260. ಆಧಾರ್, ಪ್ರಮಾಣಪತ್ರದ ಪ್ರತಿಗಳು, ಆಟೋ ಎಲ್ಲ ಸೇರಿ 1,900ರ ಹತ್ತಿರ. ರಜೆ ಮೂರೂವರೆ ದಿನ. ಹಳೇ ಪಾಲಿಸಿ ಸಮಯಕ್ಕೆ ಕಟ್ಟಿದ್ದರೆ ಇದರ ಹೆಚ್ಚುಕಡಿಮೆ ಹತ್ತು ಪಟ್ಟು ಉಳಿಯುತ್ತಿತ್ತು. ಅತ್ತೆಗೆ ಹೊಸ ಪಾಲಿಸಿ ಮಾಡಿಸಿದ್ದೇವೆ. ಎಡಗಣ್ಣಿಗೂ ಪೊರೆ ಶುರುವಾಗಿದೆ. ಅದು ಬೇಗ ಬಲಿತರೆ ಈ ಸಲ ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ ಕೇಳುತ್ತೇವೆ.

ಏಪ್ರಿಲ್‌ನಲ್ಲಿ ಮನೆ ತೆರಿಗೆ ಕಟ್ಟಿದೆವು. ಹಳೇ ಎರಡು ವರ್ಷದ ರಸೀದಿಯ ಪ್ರತಿಯನ್ನೂ ಆವತ್ತೇ ಕೇಳಿ ತೆಗೆಸಿದೆವು. ಆರ್ಥಿಕ ವರ್ಷದ ಮೊದಲ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಇಷ್ಟು ವರ್ಷ ಒಮ್ಮೆಯೂ ನಮಗೆ ಸಿಕ್ಕಿರಲಿಲ್ಲ. ಕಟ್ಟಿ ಬಂದದ್ದು ಯಜಮಾನರು. ಕೆಂಪು ಚೌಕದ ಮೇಲೆ ಗೀಟು ಹೊಡೆದು, ರಸೀದಿ ಫೈಲಿಗೆ ಹಾಕಿ, ಆಮೇಲೆ ನನಗೆ ಹೇಳಿದರು.

ಬಾಕಿ ಇರುವುದು ಖಾತೆ ಬದಲಾವಣೆ. ಮನೆ ಇನ್ನೂ ಮಾವನವರ ಹೆಸರಿನಲ್ಲೇ ಇದೆ. ಅವರು ಹೋಗಿ ಮೂರು ವರ್ಷವಾಯಿತು. ನಮ್ಮ ಹತ್ತಿರ ಮರಣ ಪ್ರಮಾಣಪತ್ರ, ವಂಶವೃಕ್ಷ, ತೆರಿಗೆ ರಸೀದಿ, ಇಸಿ (ಆಸ್ತಿಯ ಮೇಲೆ ಸಾಲಸೋಲ ಇದೆಯೇ ಎಂಬ ಋಣಭಾರ ಪತ್ರ), ಉಳಿದ ವಾರಸುದಾರರ ಒಪ್ಪಿಗೆ ಕೇಳಿದ್ದಾರೆ. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಮಗಳೇ ಹಾಕಿ ತೆಗೆದಳು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇವೆ. ಅದರಲ್ಲೂ ಅತ್ತೆಯ ಹೆಸರು ಹೊಸ ಆಧಾರ್‌ನಲ್ಲಿ ಇರುವ ಹಾಗೇ ಬರೆಸಿದ್ದೇವೆ. ಹುಬ್ಬಳ್ಳಿಯಲ್ಲಿರುವ ನಾದಿನಿ ಸಹಿಗೆ ಮುಂದಿನ ಶನಿವಾರ ಬರುತ್ತಾಳೆ. ಚೌಕದಲ್ಲಿ ಅತ್ತೆ ತಮ್ಮ ಕೈಯಿಂದಲೇ ಬರೆದಿದ್ದಾರೆ, ಅಕ್ಷರ ಸ್ವಲ್ಪ ಸೊಟ್ಟ: "ಮಗಳು ಬರುತ್ತಾಳೆ".

ನಾಳೆ ಹತ್ತು ಗಂಟೆಗೆ ನಾಡಕಚೇರಿಗೆ ಹೋಗಬೇಕು. ನೀರಿನ ದಿನವೂ ನಾಳೆಗೇ ಬಂದುಬಿಟ್ಟಿದೆ, ಒಮ್ಮೊಮ್ಮೆ ಹಾಗಾಗುತ್ತದೆ. ಮೋಟರ್ ಮುಂದೆ ಮಗನ ಹೆಸರಿದೆ. ನಾಡಕಚೇರಿಯ ಮುಂದೆ ಯಜಮಾನರ ಹೆಸರಿದೆ. ಕೆಂಪು ಫೈಲನ್ನು ಅವರು ಈಗಲೇ ಬಾಗಿಲ ಹತ್ತಿರದ ಮೊಳೆಗೆ ತೂಗುಹಾಕಿ ಮಲಗಿದ್ದಾರೆ.